ಬೆಲ್ ಬಾಟಮ್ ಹೊಲಿಯೋಣ: ಗಂಟೆಗಿಂತ ಮೊದಲು ಮೊಣಕಾಲು

ನಮ್ಮ ಮಾವನ ಹಳೇ ಟ್ರಂಕಿನಲ್ಲಿ ಒಂದು ಬೆಲ್ ಬಾಟಮ್ ಪ್ಯಾಂಟು ಇದೆ. ಕಂದು ಬಣ್ಣದ ಟೆರಿಕಾಟ್, ಅಂದರೆ ಪಾಲಿಯೆಸ್ಟರ್ ಮತ್ತು ಹತ್ತಿ ಬೆರೆಸಿದ ಬಟ್ಟೆ. 1970ರ ದಶಕದಲ್ಲಿ ಬಳ್ಳಾರಿಯ ದರ್ಜಿಯೊಬ್ಬರು ಹೊಲಿದುಕೊಟ್ಟದ್ದು. ಫ್ಯಾಷನ್ ಡಿಸೈನ್ ಕ್ಲಾಸಿನಲ್ಲಿ ನಮಗೆ ‘ರೆಟ್ರೋ’ ಅಂತ ಪ್ರಾಜೆಕ್ಟ್ ಕೊಟ್ಟಾಗ ನಾನು ಮೊದಲು ಫೋನಿನಲ್ಲಿ ಚಿತ್ರ ಹುಡುಕಿದೆ. ನೂರಾರು ಸಿಕ್ಕವು. ಆದರೆ ನಿಜವಾಗಿ ಕಲಿತದ್ದು ಆ ಟ್ರಂಕಿನ ಪ್ಯಾಂಟನ್ನು ತಿರುವಿ ಹಾಕಿ ಒಳಮೈ ನೋಡಿದಾಗ.

ಒಳಗೆ ಏನಿತ್ತು ಗೊತ್ತಾ? ಸೀಟಿನ ಹಿಂದಿನ ಹೊಲಿಗೆಯಲ್ಲಿ ಒಂದೂವರೆ ಇಂಚು ಬಟ್ಟೆ ಹಾಗೇ ಬಿಟ್ಟಿದ್ದರು, ಮುಂದೆ ದಪ್ಪ ಆದರೆ ಬಿಚ್ಚಿ ಹೊಲಿಯಲಿಕ್ಕೆ. ಬಾಟಮ್‌ನ ಒಳಗಡೆ ಹಿಮ್ಮಡಿಯ ಜಾಗದಲ್ಲಿ ಹಿತ್ತಾಳೆ ಹಲ್ಲಿನ ಅರ್ಧ ಜಿಪ್ ಕೂರಿಸಿದ್ದರು. ನೆಲಕ್ಕೆ ಉಜ್ಜಿ ಉಜ್ಜಿ ಹಲ್ಲುಗಳು ಸವೆದು ಕನ್ನಡಿ ಹಾಗೆ ಹೊಳೆಯುತ್ತಿದ್ದವು. ಬಟ್ಟೆ ಮಾತ್ರ ಒಂದು ಎಳೆ ಬಿಟ್ಟಿರಲಿಲ್ಲ.

ಈ ಬರಹ ಅಂಥದ್ದೇ ಒಂದು ಪ್ಯಾಂಟನ್ನು ನೀವೇ ಕತ್ತರಿಸಿ ಹೊಲಿಯಲಿಕ್ಕೆ. ಸಲ್ವಾರ್, ಪೈಜಾಮ ಹೊಲಿದು ಗೊತ್ತಿದ್ದರೆ ಸಾಕು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಬಾಟಮ್ ಎಷ್ಟು ಅಗಲ ಇಡಬೇಕು ಅಂತ ಕೇಳುತ್ತಾರೆ. ಅದು ಇಡೀ ಪ್ಯಾಂಟಿನಲ್ಲಿ ಅತಿ ಸುಲಭದ ಕೆಲಸ. ಪ್ಯಾಂಟು ಚಂದ ಕಾಣುವುದು, ಕೆಡುವುದು ಎರಡೂ ಮೊಣಕಾಲಿನ ಗೆರೆ ಮತ್ತು ಸೀಟಿನ ಬಾಗಿನಲ್ಲಿ.

ಯಾವ ರೆಟ್ರೋ?

ಅಗಲ ಬಾಟಮ್‌ನ ಪ್ಯಾಂಟು ಮೊದಲು ಹಡಗಿನ ಕೆಲಸಗಾರರದ್ದು, 19ನೇ ಶತಮಾನದ್ದು. ಡೆಕ್ ತೊಳೆಯುವಾಗ ಮೊಣಕಾಲಿನವರೆಗೆ ಮಡಚಿಕೊಳ್ಳಲಿಕ್ಕೆ ಅದು ಅನುಕೂಲ. 1960ರ ದಶಕದಲ್ಲಿ ಅಮೆರಿಕ, ಯುರೋಪಿನ ಹುಡುಗ ಹುಡುಗಿಯರು ಅದನ್ನು ಎತ್ತಿಕೊಂಡರು, 70ರ ದಶಕದಲ್ಲಿ ನಮ್ಮ ಊರಿನ ಸ್ಟುಡಿಯೋ ಫೋಟೋಗಳವರೆಗೂ ಬಂತು. ತೊಡೆಗೆ ಅಂಟಿಕೊಂಡು, ಮೊಣಕಾಲಿನಿಂದ ಕೆಳಗೆ ಗಂಟೆ ಹಾಗೆ ಬಿಚ್ಚಿಕೊಳ್ಳುವುದು ಬೆಲ್ ಬಾಟಮ್. ಸೊಂಟದ ಹತ್ತಿರ ನೆರಿಗೆ ಕೊಟ್ಟು, ತೊಡೆ ಸಡಿಲ ಬಿಟ್ಟು, ಕೆಳಗೆ ಸಣ್ಣ ಮಾಡುವುದು ಬ್ಯಾಗಿ. ಅದು ನಂತರದ ಕಾಲದ್ದು. ಎರಡನ್ನೂ ಸೇರಿಸಿದರೆ ಎರಡೂ ಆಗಲ್ಲ, ನೈಟ್ ಪ್ಯಾಂಟ್ ಆಗುತ್ತದೆ. ನನ್ನ ಮೊದಲ ಪ್ರಯತ್ನಕ್ಕೆ ಕ್ಲಾಸಿನಲ್ಲಿ ಸಿಕ್ಕ ಬಿರುದು ಅದೇ.

ಮನೆಯ ಆಲ್ಬಮ್ ತೆಗೆಯಿರಿ. ಸೊಂಟದ ಪಟ್ಟಿ ಎಲ್ಲಿ ಕೂತಿದೆ ನೋಡಿ. ಹೊಕ್ಕುಳಿನ ಮೇಲೋ ಕೆಳಗೋ? ಪಟ್ಟಿ ಎಷ್ಟು ಅಗಲ? ಬಾಟಮ್ ಬೂಟನ್ನು ಮುಚ್ಚಿದೆಯಾ? ಗಂಟೆ ಎಲ್ಲಿಂದ ಶುರುವಾಗಿದೆ? ಹಳೇ ಫೋಟೋಗಳಲ್ಲಿ ನನಗೆ ಕಂಡದ್ದು ಇದು: ಗಂಟೆ ಶುರುವಾಗುವುದು ನಿಜವಾದ ಮೊಣಕಾಲಿನಲ್ಲಿ ಅಲ್ಲ, ಅದಕ್ಕಿಂತ ಒಂದೆರಡು ಇಂಚು ಮೇಲೆ. ಕಾಲು ಉದ್ದ ಕಾಣುವ ಗುಟ್ಟು ಅಲ್ಲಿದೆ.

ಬಟ್ಟೆ: ನಮ್ಮೂರಿನ ಡೆನಿಮ್

ಟೆರಿಕಾಟ್ ಬಿಡಿ, ಈ ಬಿಸಿಲಿಗೆ ಅದು ಶಿಕ್ಷೆ. ಬಳ್ಳಾರಿಯಲ್ಲಿ ಇದ್ದುಕೊಂಡು ಡೆನಿಮ್ ಬಿಟ್ಟು ಬೇರೆ ಯಾಕೆ ನೋಡಬೇಕು? ಕೌಲ್ ಬಜಾರ್ ಕಡೆಯ ಓಣಿಗಳಲ್ಲಿ ನಡೆದರೆ ಮನೆ ಮನೆಯಿಂದ ಮಿಷನ್ ಸದ್ದು ಬರುತ್ತದೆ. ಒಂದು ಕಡೆ ಕಟಿಂಗ್, ಇನ್ನೊಂದು ಕಡೆ ಹೊಲಿಗೆ, ಮತ್ತೊಂದು ಕಡೆ ಕಾಜಾ ಗುಂಡಿ, ಕೊನೆಗೆ ವಾಷಿಂಗ್. ಒಂದು ಜೀನ್ಸ್ ಅಂಗಡಿಗೆ ಹೋಗುವಷ್ಟರಲ್ಲಿ ಊರೆಲ್ಲ ಸುತ್ತಿರುತ್ತದೆ. ನಮ್ಮ ಚಿಕ್ಕಮ್ಮ ಹತ್ತು ವರ್ಷದಿಂದ ಅಂಥ ಒಂದು ಯೂನಿಟ್‌ನಲ್ಲಿ ಹೊಲಿಯುತ್ತಾರೆ. ಈ ಬರಹದ ಅರ್ಧ ಬುದ್ಧಿ ಅವರದ್ದು.

ಡೆನಿಮ್ ತೂಕವನ್ನು ಔನ್ಸ್‌ನಲ್ಲಿ ಹೇಳುತ್ತಾರೆ, ಒಂದು ಚದರ ಗಜ ಬಟ್ಟೆ ಎಷ್ಟು ಔನ್ಸ್ ತೂಗುತ್ತದೆ ಅಂತ. 14 ಔನ್ಸ್ ಅಂದರೆ ದಪ್ಪ, ಗಂಡಸರ ಒರಟು ಜೀನ್ಸ್‌ಗೆ. ಬೆಲ್ ಬಾಟಮ್‌ಗೆ 9ರಿಂದ 10 ಔನ್ಸ್ ಸರಿಯಾಗುತ್ತದೆ. 10 ಔನ್ಸ್ ಅಂದರೆ ಹೆಚ್ಚುಕಡಿಮೆ 340 ಜಿಎಸ್‌ಎಂ, ಒಂದು ಚದರ ಮೀಟರಿಗೆ 340 ಗ್ರಾಂ. ಅದಕ್ಕಿಂತ ತೆಳುವಾದರೆ ಗಂಟೆ ನಿಲ್ಲುವುದಿಲ್ಲ, ಲಂಗದ ಹಾಗೆ ಕಾಲಿಗೆ ಸುತ್ತಿಕೊಳ್ಳುತ್ತದೆ. ದಪ್ಪವಾದರೆ ನಡೆಯುವಾಗ ಎರಡು ಬಾಟಮ್ ಒಂದಕ್ಕೊಂದು ಬಡಿದು ಸದ್ದು ಮಾಡುತ್ತವೆ. ಅಂಗಡಿಯಲ್ಲಿ ಬಟ್ಟೆಯ ತುದಿ ಹಿಡಿದು ಒಂದು ಮೊಳ ಇಳಿಬಿಡಿ. ತಾನಾಗೇ ದೊಡ್ಡ ಮಡಿಕೆಯಾಗಿ ನಿಂತರೆ ತಗೊಳ್ಳಿ.

ಸ್ಟ್ರೆಚ್ ಡೆನಿಮ್ ಬೇಡ. ಹಳೇ ಕಾಲದ ಆಕಾರ ಬರುವುದು ಜಗ್ಗದ ಬಟ್ಟೆಯಿಂದ. ಸ್ಟ್ರೆಚ್‌ನಲ್ಲಿ ಕಟಿಂಗ್‌ನ ತಪ್ಪೆಲ್ಲ ಮುಚ್ಚಿಹೋಗುತ್ತದೆ. ಹೊಲಿಯುವವರಿಗೆ ಅದು ಆರಾಮ, ಕಲಿಯುವವರಿಗೆ ನಷ್ಟ.

ಅಂಗಡಿಯವರು ಪನ್ನಾ ಅಂತಾರಲ್ಲ, ಬಟ್ಟೆಯ ಅಗಲ, ಅದು 58 ಇಂಚು ಇದ್ದರೆ ಒಂದೂ ಮುಕ್ಕಾಲು ಮೀಟರ್ ಸಾಕು. ಬಾಟಮ್ ಸುತ್ತು 24 ಇಂಚಿನವರೆಗೆ ಈ ಲೆಕ್ಕ ನಡೆಯುತ್ತದೆ. 28, 30 ಇಂಚು ಬೇಕೆಂದರೆ ಮುಂಭಾಗ ಹಿಂಭಾಗ ಅಕ್ಕಪಕ್ಕ ಕೂರುವುದಿಲ್ಲ, ಎರಡೂವರೆ ಮೀಟರ್ ಬೇಕು. ಒಂದನ್ನು ತಲೆಕೆಳಗೆ ಇಟ್ಟು ಬಟ್ಟೆ ಉಳಿಸೋಣ ಅನಿಸುತ್ತದೆ. ಬೇಡ. ಹಾಗೆ ಕೊಯ್ದರೆ ಒಂದು ಭಾಗ ಕಡು, ಇನ್ನೊಂದು ತಿಳಿ ಕಾಣುವ ಅಪಾಯ ಇದೆ. ಎಲ್ಲ ತುಂಡುಗಳೂ ಒಂದೇ ದಿಕ್ಕಿಗೆ ಇರಲಿ.

ಮೊದಲು ನೀರು

ನಾನು ಬಟ್ಟೆ ತಂದ ದಿನವೇ ಕತ್ತರಿ ಹಿಡಿದು ಕೂತಿದ್ದೆ. ಚಿಕ್ಕಮ್ಮ ಬಾಗಿಲಲ್ಲೇ ನಿಂತು ಕೇಳಿದರು: “ಬಟ್ಟಿ ನೀರಿಗೆ ಹಾಕೀಯೋ ಇಲ್ಲೋ?”

ಹಾಕಿರಲಿಲ್ಲ. “ಹಂಗಾದ್ರ ಕತ್ರಿ ಕೆಳಗಿಡು. ಮೊದಲ್ನೇ ಸಲ ಒಗದ ಮ್ಯಾಲ ನಿಂದು ಬೆಲ್ ಬಾಟಮ್ ಅಲ್ಲ, ಮುಕ್ಕಾಲು ಪ್ಯಾಂಟು ಆಕ್ಕತಿ.”

ಸ್ವಲ್ಪ ಜಾಸ್ತಿ ಹೇಳಿದರು, ಆದರೆ ಮಾತು ನಿಜ. ಮಿಲ್ಲಿನಲ್ಲಿ ಮೊದಲೇ ಕುಗ್ಗಿಸಿದ ಡೆನಿಮ್ ಕೂಡ 3 ಶೇಕಡಾದಷ್ಟು ಕುಗ್ಗಬಹುದು. 41 ಇಂಚು ಉದ್ದದ ಪ್ಯಾಂಟಿಗೆ ಅದು ಒಂದೂಕಾಲು ಇಂಚು. ನೆಲ ಮುಟ್ಟಬೇಕಾದ ಬೆಲ್ ಬಾಟಮ್ ಒಂದೂಕಾಲು ಇಂಚು ಮೇಲೆ ನಿಂತರೆ ಕಥೆ ಮುಗಿಯಿತು. ಕುಗ್ಗಿಸದ ಡೆನಿಮ್ ಆದರೆ 10 ಶೇಕಡಾದವರೆಗೂ ಹೋಗಬಹುದು. ಯೂನಿಟ್‌ಗಳಲ್ಲಿ ಹೊಲಿದಾದ ಮೇಲೆ ವಾಷಿಂಗ್‌ಗೆ ಕಳಿಸುತ್ತಾರೆ, ಅದಕ್ಕೆ ಕುಗ್ಗುವ ಲೆಕ್ಕವನ್ನು ಪ್ಯಾಟರ್ನ್‌ನಲ್ಲೇ, ಅಂದರೆ ಕಟಿಂಗ್‌ಗೆ ಬರೆದ ಕಾಗದದ ನಕ್ಷೆಯಲ್ಲೇ, ಸೇರಿಸಿರುತ್ತಾರೆ. ನಾವು ಒಂದೇ ಪ್ಯಾಂಟು ಹೊಲಿಯುವವರು, ಬಟ್ಟೆಯನ್ನೇ ಮೊದಲು ಒಗೆದುಬಿಡುವುದು ಸುಲಭ.

ನಲ್ಲಿ ನೀರು ಬರುವ ದಿನ ನೋಡಿ ಈ ಕೆಲಸ ಇಟ್ಟುಕೊಳ್ಳಿ. ಬಕೆಟ್‌ನಲ್ಲಿ ಬಿಸಿ ನೀರು, ಸ್ವಲ್ಪ ಸೋಪಿನ ಪುಡಿ, ಬಟ್ಟೆ ಒಂದು ಗಂಟೆ ನೆನೆಯಲಿ. ನೀರು ನೀಲಿಯಾಗುತ್ತದೆ, ಹೆದರಬೇಡಿ. ಇಂಡಿಗೋ ಬಣ್ಣ ನೂಲಿನ ಒಳಗೆ ಇಳಿಯುವುದಿಲ್ಲ, ಮೇಲ್ಮೈಯಲ್ಲಿ ಕೂತಿರುತ್ತದೆ. ಅದಕ್ಕೇ ಜೀನ್ಸ್ ಉಜ್ಜಿದ ಕಡೆಯೆಲ್ಲ ಬೆಳ್ಳಗಾಗುವುದು. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತ ಯಾರಾದರೂ ಹೇಳಿದರೆ ಉಪ್ಪನ್ನು ಸಾರಿಗೆ ಇಟ್ಟುಕೊಳ್ಳಿ. ಎರಡು ಸಲ ಒಗೆದು, ನೆರಳಲ್ಲಿ ಒಣಗಿಸಿ, ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಮಾಡಿ.

ಅಳತೆ

ಚಪ್ಪಲಿ ಹಾಕಿಕೊಂಡು ಅಳತೆ ತೆಗೆಯಿರಿ. ಇದು ತಮಾಷೆ ಅಲ್ಲ. ಎರಡು ಇಂಚು ಹೀಲ್ಸ್ ಹಾಕುವವರು ಬರಿಗಾಲಲ್ಲಿ ಅಳತೆ ಕೊಟ್ಟರೆ ಬಾಟಮ್ ಹಿಮ್ಮಡಿಯಿಂದ ಎರಡು ಇಂಚು ಮೇಲಿರುತ್ತದೆ.

ಸೊಂಟದ ಅಳತೆ ಹೊಕ್ಕುಳಿನ ಮಟ್ಟದಲ್ಲಿ. ಸೀಟು, ಅತಿ ದಪ್ಪ ಇರುವ ಜಾಗದಲ್ಲಿ. ತೊಡೆ, ಮೊಣಕಾಲು, ಪೂರ್ತಿ ಉದ್ದ. ಆಮೇಲೆ ರೈಸ್, ಅಂದರೆ ಸೊಂಟದಿಂದ ಕಾಲುಗಳು ಕೂಡುವ ಜಾಗದವರೆಗಿನ ಆಳ. ಗಟ್ಟಿ ಕುರ್ಚಿಯ ಮೇಲೆ ನೆಟ್ಟಗೆ ಕೂತು, ಪಕ್ಕದಲ್ಲಿ ಸೊಂಟದಿಂದ ಕುರ್ಚಿಯ ಹಲಗೆಯವರೆಗೆ ಟೇಪು ಇಳಿಬಿಟ್ಟು ಅಳೆಯಿರಿ. ಅದಕ್ಕೆ ಅರ್ಧ ಇಂಚು ಸೇರಿಸಿ.

ನನ್ನ ಅಳತೆ ಇಟ್ಟುಕೊಂಡೇ ಲೆಕ್ಕ ಹೇಳುತ್ತೇನೆ, ನಿಮ್ಮದನ್ನು ಅದರ ಜಾಗದಲ್ಲಿ ಹಾಕಿಕೊಳ್ಳಿ: ಸೊಂಟ 30, ಸೀಟು 38, ತೊಡೆ 22½, ಮೊಣಕಾಲು 14½, ರೈಸ್ 10½ಕ್ಕೆ ಅರ್ಧ ಸೇರಿ 11, ಉದ್ದ 41. ಎಲ್ಲ ಇಂಚಿನಲ್ಲಿ. ಸೊಂಟದ ಪಟ್ಟಿ 2 ಇಂಚು ಇಡೋಣ. ಅದನ್ನು ಕಳೆದರೆ ಕಾಗದದ ಮೇಲೆ ರೈಸ್ 9, ಉದ್ದ 39.

ಕಾಗದದ ಮೇಲೆ

ಬ್ರೌನ್ ಪೇಪರ್ ಹಾಸಿ. ನಡುವೆ 39 ಇಂಚಿನ ನೇರ ಗೆರೆ ಎಳೆಯಿರಿ. ಇದು ಇಸ್ತ್ರಿಯ ಗೆರೆ, ಪ್ಯಾಂಟಿನ ಬೆನ್ನೆಲುಬು. ಮೇಲಿನಿಂದ 9 ಇಂಚಿಗೆ ಅಡ್ಡಗೆರೆ, ಅದು ಸೀಟಿನ ಗೆರೆ. ಅಲ್ಲಿಂದ ಕೆಳಗೆ 30 ಇಂಚು ಉಳಿಯಿತು. ಮಾಮೂಲಿ ಪ್ಯಾಂಟಿಗೆ ಅದರ ಅರ್ಧಕ್ಕಿಂತ 2 ಇಂಚು ಮೇಲೆ, ಅಂದರೆ ಸೀಟಿನ ಗೆರೆಯಿಂದ 13 ಇಂಚಿಗೆ ಮೊಣಕಾಲಿನ ಗೆರೆ. ಬೆಲ್ ಬಾಟಮ್‌ಗೆ ಇನ್ನೂ ಒಂದೂವರೆ ಇಂಚು ಮೇಲೆತ್ತಿ, 11½ಕ್ಕೆ ಹಾಕಿ. ನನ್ನ ಮೊದಲ ಪ್ಯಾಂಟು ನೈಟ್ ಪ್ಯಾಂಟ್ ಆದದ್ದು ಈ ಗೆರೆಯಿಂದಲೇ. ನಾನು ಅದನ್ನು 15ಕ್ಕೆ ಹಾಕಿದ್ದೆ. ಬಾಟಮ್ 26 ಇಟ್ಟಿದ್ದೆ, ಆದರೂ ಗಂಟೆ ಕಾಣಲಿಲ್ಲ. ಕೆಳಗೆ ಒಂದು ಗಿಡ್ಡ ಕೊಳವೆ ಅಂಟಿಸಿದ ಹಾಗಿತ್ತು.

ಈಗ ಮುಂಭಾಗದ ಅಗಲ. ಸೀಟಿನ ನಾಲ್ಕನೇ ಒಂದು ಭಾಗ, 9½. ಅದಕ್ಕೆ ಕಾಲುಗಳ ನಡುವೆ ಹೋಗುವ ಚಾಚು 1¾. ಒಟ್ಟು 11¼. ಇದನ್ನು ನಡುವಿನ ಗೆರೆಯ ಎರಡೂ ಕಡೆ ಸಮ ಹಂಚಿ. ಮೊಣಕಾಲಿನಲ್ಲಿ 8 ಇಂಚು, ಅಂದರೆ ಗೆರೆಯ ಆ ಕಡೆ 4, ಈ ಕಡೆ 4. ಬಾಟಮ್‌ನಲ್ಲಿ 11½, ಆ ಕಡೆ 5¾, ಈ ಕಡೆ 5¾. ಈ ಸಮಪಾಲು ತಪ್ಪಬಾರದು. ಒಂದು ಕಡೆ ಜಾಸ್ತಿಯಾದರೆ ನಡೆಯುವಾಗ ಬಾಟಮ್ ಒಂದೇ ಕಡೆ ತಿರುಗುತ್ತದೆ, ಪಕ್ಕದ ಹೊಲಿಗೆ ಬಂದು ಪಾದದ ಮೇಲೆ ಕೂರುತ್ತದೆ.

ಸೀಟಿನಿಂದ ಮೊಣಕಾಲಿನವರೆಗೆ ಗೆರೆ ಸ್ವಲ್ಪ ಒಳಕ್ಕೆ ಬಾಗಲಿ. ಮೊಣಕಾಲಿನಿಂದ ಕೆಳಗೆ ಸ್ಕೇಲ್ ಇಟ್ಟು ನೇರ ಎಳೆಯಿರಿ. ಎರಡು ಗೆರೆ ಕೂಡುವ ಮೂಲೆಯನ್ನು ಕೈಯಲ್ಲಿ ಮೆತ್ತಗೆ ದುಂಡು ಮಾಡಿ.

ಮೇಲೆ ಸೊಂಟದಲ್ಲಿ ಮುಂಭಾಗ 8 ಇಂಚು. 30ರ ಕಾಲು ಭಾಗ 7½, ಮಿಕ್ಕ ಅರ್ಧ ಇಂಚು ಜೇಬಿನ ಬಾಯಲ್ಲಿ ಒಳಗೆ ಹೋಗುತ್ತದೆ. ಮುಂದಿನ ನಡುಗೆರೆಯನ್ನು ಮೇಲ್ತುದಿಯಲ್ಲಿ ಅರ್ಧ ಇಂಚು ಒಳಗೆ ತಗೊಳ್ಳಿ, ಮಿಕ್ಕ 1 ಇಂಚು ಪಕ್ಕದಲ್ಲಿ.

ಹಿಂಭಾಗಕ್ಕೆ ಮುಂಭಾಗದ ಕಾಗದವನ್ನೇ ಕೆಳಗಿಟ್ಟು ಸುತ್ತ ಬೆಳೆಸುತ್ತಾ ಹೋಗಿ. ಮೊಣಕಾಲು, ಬಾಟಮ್ ಎರಡರಲ್ಲೂ ಎರಡೂ ಕಡೆ ಅರ್ಧರ್ಧ ಇಂಚು. ಹಾಗೆ ಮೊಣಕಾಲು 9, ಬಾಟಮ್ 12½. ಮುಂದಿನದನ್ನು ಕೂಡಿಸಿದರೆ ಮೊಣಕಾಲು ಸುತ್ತು 17, ಬಾಟಮ್ ಸುತ್ತು 24. ಸೀಟಿನ ಗೆರೆಯಲ್ಲಿ ಪಕ್ಕಕ್ಕೆ ಅರ್ಧ ಇಂಚು ಬಿಟ್ಟು ಅಗಲ 10 ಮಾಡಿ. ಚಾಚು ಮುಂದಿನದರ ಎರಡರಷ್ಟು, 3½. ಚಾಚಿನ ತುದಿಯನ್ನು ಕಾಲು ಇಂಚು ಕೆಳಗೆ ಇಳಿಸಿ.

ಇನ್ನು ಬೆನ್ನಿನ ನಡುಗೆರೆ. ಅದನ್ನು ನೇರ ಎಳೆದರೆ ಕೂತಾಗ ಪ್ಯಾಂಟು ಹಿಂದೆ ಜಾರುತ್ತದೆ. ಮೇಲ್ತುದಿಯನ್ನು 1½ ಇಂಚು ಒಳಕ್ಕೆ ವಾಲಿಸಿ, 1½ ಇಂಚು ಮೇಲಕ್ಕೂ ಎತ್ತಿ. ನಮ್ಮವರು ಊಟಕ್ಕೆ ಚಕ್ಕಳಮಕ್ಕಳ ಕೂರುವವರು, ನೆಲದ ಮೇಲೆ ಕೂತು ಏಳುವವರು. ಆ ಎತ್ತರ ಬೇಕೇ ಬೇಕು. ವಿದೇಶಿ ಪ್ಯಾಟರ್ನ್ ತಂದು ಹೊಲಿದಾಗ ನೆಲದ ಮೇಲೆ ಕೂತರೆ ಬೆನ್ನು ಕಾಣುತ್ತದೆ ಅಂತ ಗೆಳತಿಯರು ದೂರುವುದು ಇದಕ್ಕೇ.

ಹಿಂದಿನ ಸೊಂಟ 8½. ಅದರಲ್ಲಿ ಒಂದು ಇಂಚು ಡಾರ್ಟ್‌ಗೆ, ಅಂದರೆ ಸೊಂಟ ಸಣ್ಣ ಮಾಡಲಿಕ್ಕೆ ಹಿಡಿಯುವ ಮೊನೆಯಾದ ಮಡಿಕೆಗೆ. ಡಾರ್ಟ್ ಹೊಲಿಯಬೇಡಿ, ಅದನ್ನು ಯೋಕ್‌ನಲ್ಲಿ, ಅಂದರೆ ಹಿಂಭಾಗದ ಮೇಲೆ ಬೇರೆಯಾಗಿ ಕೂರುವ ತುಂಡಿನಲ್ಲಿ, ಮಾಯ ಮಾಡೋಣ. ಬೆನ್ನಿನ ನಡುವಿನಲ್ಲಿ 3 ಇಂಚು, ಪಕ್ಕದಲ್ಲಿ 1½ ಇಂಚು ಇಳಿಸಿ ಓರೆ ಗೆರೆ ಎಳೆದು ಕಾಗದ ಕತ್ತರಿಸಿ. ಮೇಲಿನ ತುಂಡಿನಲ್ಲಿ ಡಾರ್ಟ್ ಮಡಚಿ ಟೇಪ್ ಅಂಟಿಸಿ. ತುಂಡು ತಾನಾಗೇ ಬಾಗುತ್ತದೆ. ಜೀನ್ಸ್ ಹಿಂದೆ ಕಾಣುವ ವಿ ಆಕಾರ ಇದೇ. ಅದು ಅಲಂಕಾರ ಅಂತ ಬಹಳ ದಿನ ನಂಬಿದ್ದೆ.

ಹೊಲಿಗೆಗೆ ಎಲ್ಲ ಕಡೆ ಅರ್ಧ ಇಂಚು ಬಿಡಿ. ಬೆನ್ನಿನ ನಡುಗೆರೆಗೆ ಮಾವನ ದರ್ಜಿಯ ಹಾಗೆ ಸ್ವಲ್ಪ ಜಾಸ್ತಿ, 1 ಇಂಚು. ಜಿಪ್ ಬರುವ ಮುಂದಿನ ನಡುಗೆರೆಗೆ, ಮೇಲಿನಿಂದ 7 ಇಂಚಿನವರೆಗೆ, ಒಂದೂವರೆ ಇಂಚು. ಬಾಟಮ್ ಮಡಿಕೆಗೂ ಒಂದೂವರೆ. ಆದರೆ ಇಲ್ಲೊಂದು ಸೂಕ್ಷ್ಮ. ಗೆರೆ ಹೊರಕ್ಕೆ ಹೋಗುತ್ತಿರುವಾಗ ಹಾಗೇ ಕೆಳಗೆ ಮುಂದುವರಿಸಿದರೆ ಮಡಿಕೆಯ ಅಂಚು ಪ್ಯಾಂಟಿಗಿಂತ ಅಗಲವಾಗುತ್ತದೆ, ಮಡಚಿದಾಗ ಸುಕ್ಕು ಬೀಳುತ್ತದೆ. ಕಾಗದವನ್ನು ಬಾಟಮ್ ಗೆರೆಯಲ್ಲಿ ಒಳಕ್ಕೆ ಮಡಚಿ, ಮಡಚಿದ ಹಾಗೇ ಪಕ್ಕದ ಗೆರೆ ಕತ್ತರಿಸಿ. ಬಿಚ್ಚಿದರೆ ಅಂಚು ಒಳಕ್ಕೆ ತಿರುಗಿರುತ್ತದೆ. ಅದು ಸರಿ.

ಹಳೇ ಬೆಡ್‌ಶೀಟ್‌ನ ಪ್ಯಾಂಟು

ಡೆನಿಮ್ ಮುಟ್ಟುವ ಮೊದಲು ಇದೇ ಪ್ಯಾಟರ್ನ್‌ನಿಂದ ಕೋರಾ ಬಟ್ಟೆಯಲ್ಲೋ ದಪ್ಪ ಬೆಡ್‌ಶೀಟ್‌ನಲ್ಲೋ ಒಂದು ಹೊಲಿಯಿರಿ. ಜೇಬು, ಜಿಪ್ ಏನೂ ಬೇಡ. ದೊಡ್ಡ ಹೊಲಿಗೆ ಹಾಕಿ, ಮುಂದೆ ಪಿನ್ ಚುಚ್ಚಿ ಹಾಕಿಕೊಳ್ಳಿ. ಒಂದು ಸಂಜೆಯ ಕೆಲಸ.

ಕನ್ನಡಿ ಮುಂದೆ ನಿಂತು ಸುಕ್ಕುಗಳನ್ನು ಓದಿ. ಮುಂದೆ ಕಾಲು ಕೂಡುವ ಜಾಗದಿಂದ ಎರಡೂ ಕಡೆ ಮೀಸೆ ಹಾಗೆ ಗೆರೆ ಬಿದ್ದರೆ ತೊಡೆ ಬಿಗಿ, ಇಲ್ಲವೇ ಚಾಚು ಸಾಲದು. ಒಳಗಾಲಿನ ಹೊಲಿಗೆ ಬಿಚ್ಚಿ ಕಾಲು ಇಂಚು ಸಡಿಲ ಮಾಡಿ. ಹಿಂದೆ ಬಟ್ಟೆ ಒಳಗೆ ಕಚ್ಚಿಕೊಂಡರೆ ಬೆನ್ನಿನ ಗೆರೆ ಗಿಡ್ಡ, ಮೇಲೆತ್ತಬೇಕು, ಅಥವಾ ಬಾಗನ್ನು ಸ್ವಲ್ಪ ಕೆಳಗೆ ಕೆತ್ತಬೇಕು. ಸೀಟಿನ ಕೆಳಗೆ ಚೀಲ ಹಾಗೆ ಜೋತುಬಿದ್ದರೆ ಹಿಂದಿನ ಚಾಚು ಜಾಸ್ತಿ.

ನಿಂತು ನೋಡಿದ್ದು ಅರ್ಧ ಪರೀಕ್ಷೆ. ನೆಲದ ಮೇಲೆ ಕೂರಿ, ಎದ್ದೇಳಿ. ಕುಕ್ಕರಗಾಲಲ್ಲಿ ಕೂರಿ. ಬಸ್ಸಿನ ಮೆಟ್ಟಿಲು ಹತ್ತಿದ ಹಾಗೆ ಕಾಲೆತ್ತಿ. ನನ್ನ ಬೆಡ್‌ಶೀಟ್ ಪ್ಯಾಂಟು ಕುಕ್ಕರಗಾಲಿನಲ್ಲಿ ಪರ್ ಅಂತ ಹರಿಯಿತು. ಮನೆಯಲ್ಲಿ ಹರಿದದ್ದು ಒಳ್ಳೆಯದೇ ಆಯಿತು.

ಬದಲಾವಣೆಯನ್ನೆಲ್ಲ ಕಾಗದಕ್ಕೆ ಇಳಿಸಿ. ಆಮೇಲೆ ಕತ್ತರಿ.

ಕತ್ತರಿಸುವಾಗ

ಇಸ್ತ್ರಿಯ ಗೆರೆ ಬಟ್ಟೆಯ ಹಾಸು ನೂಲಿಗೆ, ಅಂದರೆ ಉದ್ದಕ್ಕೆ ಓಡುವ ನೂಲಿಗೆ, ಸಮಾನಾಂತರ ಇರಬೇಕು. ಗೆರೆಯ ಮೇಲ್ತುದಿಯಿಂದ ಬಟ್ಟೆಯ ಅಂಚಿಗೆ ಟೇಪು ಹಿಡಿಯಿರಿ, ಕೆಳತುದಿಯಿಂದಲೂ ಹಿಡಿಯಿರಿ. ಎರಡೂ ಒಂದೇ ಬರಬೇಕು. ಡೆನಿಮ್ ಓರೆ ನೇಯ್ಗೆಯ ಬಟ್ಟೆ. ಒಗೆದ ಮೇಲೆ ತಿರುಚಿಕೊಳ್ಳುವುದು ಅದರ ಸ್ವಭಾವ. ಕಟಿಂಗ್ ಕೂಡ ಓರೆಯಾದರೆ ಎರಡು ಓರೆ ಸೇರಿ ಕಾಲೇ ತಿರುಗುತ್ತದೆ. ಸುಣ್ಣದ ಚಾಕ್‌ನಿಂದ ಗುರುತು ಹಾಕಿ, ಮೊಣಕಾಲಿನ ಗೆರೆಯಲ್ಲಿ ಎರಡೂ ಅಂಚಿಗೆ ಸಣ್ಣ ಕಚ್ಚು ಕೊಡಿ. ಹೊಲಿಯುವಾಗ ಕಚ್ಚಿಗೆ ಕಚ್ಚು ಕೂಡಬೇಕು.

ಮಿಷನ್ ಮೇಲೆ

16 ನಂಬರ್ ಸೂಜಿ. ಹೊಸದೇ ಹಾಕಿ. ಅಮ್ಮನ ಕಾಲು ಮಿಷನ್ ಇದ್ದರೆ ಅದೃಷ್ಟ, ಡೆನಿಮ್‌ಗೆ ಅದರಷ್ಟು ಗಟ್ಟಿ ಮಿಷನ್ ಇಲ್ಲ. ಜೋಡಿಸುವ ಹೊಲಿಗೆ 3 ಮಿಲಿಮೀಟರ್, ಮೇಲೆ ಕಾಣುವ ಕಿತ್ತಳೆ ದಾರದ ಹೊಲಿಗೆ 3½ರಿಂದ 4. ದಪ್ಪ ದಾರ ಮೇಲೆ ಮಾತ್ರ, ಬಾಬಿನ್‌ಗೆ ಮಾಮೂಲಿ ದಾರ ಸಾಕು.

ಮುಂದಿನ ಜೇಬು ಮೊದಲು. ಜೇಬಿನ ಚೀಲಕ್ಕೆ ಡೆನಿಮ್ ಬೇಡ, ತೆಳು ಕಾಟನ್ ಹಾಕಿ. ಇಲ್ಲವಾದರೆ ತೊಡೆಯ ಮೇಲೆ ಚೀಲದ ಅಚ್ಚು ಎದ್ದು ಕಾಣುತ್ತದೆ. ಜೇಬಿನ ಮೂಲೆಗೆ ರಿವೆಟ್, ಅಂದರೆ ಲೋಹದ ಸಣ್ಣ ಮೊಳೆ, ಬೇಕೆಂದರೆ ಕೊನೆಗೆ ಸುತ್ತಿಗೆಯಿಂದ ಹೊಡೆಯಬಹುದು. ಜೇಕಬ್ ಡೇವಿಸ್ ಮತ್ತು ಲೀವೈ ಸ್ಟ್ರಾಸ್ 1873ರಲ್ಲಿ ಪೇಟೆಂಟ್ ತಗೊಂಡದ್ದು ಇದೇ ರಿವೆಟ್‌ಗೆ, ಜೇಬು ಕಿತ್ತುಹೋಗದಿರಲಿ ಅಂತ.

ಆಮೇಲೆ ಜಿಪ್. ಎಲ್ಲರಿಗೂ ಭಯ ಇಲ್ಲೇ. ಕಾಲುಗಳನ್ನು ಕೂಡಿಸುವ ಮೊದಲೇ ಮಾಡಿಬಿಡಿ, ಬಟ್ಟೆ ಚಪ್ಪಟೆ ಇರುತ್ತದೆ. ಎರಡು ಮುಂಭಾಗಗಳನ್ನು ಒಳಮೈ ಹೊರಗಾಗಿ ಜೋಡಿಸಿ, ಜಿಪ್ ಮುಗಿಯುವ ಜಾಗದಿಂದ ಕೆಳಗಿನ ಬಾಗನ್ನು ಹೊಲಿಯಿರಿ, ಕೊನೆಯ ಒಂದು ಇಂಚು ಬಿಡಿ. ಜಿಪ್ ಬರುವ ಮೇಲಿನ ಭಾಗಕ್ಕೆ ಕೈಯಿಂದ ಕಚ್ಚಾ ಹೊಲಿಗೆ. ಹೊಲಿಗೆಯ ಹೆಚ್ಚುವರಿ ಬಟ್ಟೆಯನ್ನು ಎರಡೂ ಕಡೆಗೆ ಅಗಲಿಸಿ ಇಸ್ತ್ರಿ ಮಾಡಿ. ಜಿಪ್ ಮುಖ ಕೆಳಗೆ ಮಾಡಿ ಇಟ್ಟು, ಒಂದು ಪಟ್ಟಿಯನ್ನು ಬಲಗಡೆಯ ಹೆಚ್ಚುವರಿ ಬಟ್ಟೆಗೆ, ಇನ್ನೊಂದನ್ನು ಎಡಗಡೆಯದಕ್ಕೆ ಹೊಲಿಯಿರಿ. ಬರೀ ಹೆಚ್ಚುವರಿ ಬಟ್ಟೆಗೆ, ಪ್ಯಾಂಟಿನ ಮುಂಭಾಗ ಸಿಕ್ಕಬಾರದು. ಈಗ ಬಟ್ಟೆ ತಿರುವಿ, ಹೊರಮೈ ಮೇಲೆ ಚಾಕ್‌ನಿಂದ ಇಂಗ್ಲಿಷಿನ ‘ಜೆ’ ಬರೆದು ಅದರ ಮೇಲೆ ಕಿತ್ತಳೆ ದಾರ ಓಡಿಸಿ. ಕಚ್ಚಾ ಹೊಲಿಗೆ ಬಿಚ್ಚಿ. ಜಿಪ್ ಬಂತು. ಲೋಹದ ಹಲ್ಲಿನ ಮೇಲೆ ಸೂಜಿ ಹೋದರೆ ಮುರಿಯುತ್ತದೆ, ಕೆಳತುದಿಯಲ್ಲಿ ಗಾಲಿಯನ್ನು ಕೈಯಲ್ಲಿ ತಿರುಗಿಸಿ.

ಹಿಂದೆ ಯೋಕ್ ಜೋಡಿಸಿ, ಜೇಬು ಕೂರಿಸಿ. ಜೇಬು ಪೂರ್ತಿ ಬಿಟ್ಟರೂ ನಡೆಯುತ್ತದೆ, ಮಾವನ ಪ್ಯಾಂಟಿನಲ್ಲಿ ಹಿಂದೆ ಒಂದೇ ಒಂದು ಇತ್ತು.

ನಂತರ ಪ್ರತಿ ಕಾಲಿನ ಒಳಗಾಲು, ಪಕ್ಕ. ಪಕ್ಕದ ಹೊಲಿಗೆಯನ್ನು ಮೊದಲು ಕಚ್ಚಾ ಹಾಕಿ ಒಮ್ಮೆ ಹಾಕಿಕೊಂಡು ನೋಡಿ, ಆಮೇಲೆ ಪಕ್ಕಾ ಮಾಡಿ. ಯೂನಿಟ್‌ನಲ್ಲಿ ಒಳಗಾಲಿಗೆ ಎರಡು ಅಂಚನ್ನೂ ಒಂದಕ್ಕೊಂದು ಸುತ್ತಿ ಜೋಡಿ ಹೊಲಿಗೆ ಹಾಕುವ ಬೇರೆ ಮಿಷನ್ ಇರುತ್ತದೆ. ಮನೆಯಲ್ಲಿ ಜೋಡಿಸಿ, ಅಂಚಿನ ನೂಲು ಬಿಡದ ಹಾಗೆ ಓವರ್‌ಲಾಕ್ ಮಾಡಿಸಿ, ಒಂದು ಕಡೆ ಮಡಚಿ ಮೇಲಿನಿಂದ ಹೊಲಿಗೆ ಹಾಕಿದರೆ ನೋಡಲಿಕ್ಕೆ ಹತ್ತಿರ ಹತ್ತಿರ ಹಾಗೇ ಇರುತ್ತದೆ.

ಒಂದು ಕಾಲನ್ನು ಇನ್ನೊಂದರ ಒಳಗೆ ತೂರಿಸಿ ಸೀಟಿನ ಬಾಗು ಹೊಲಿಯಿರಿ, ಮುಂದೆ ಬಿಟ್ಟಿದ್ದ ಒಂದು ಇಂಚಿನಿಂದ ಬೆನ್ನಿನ ಮೇಲ್ತುದಿಯವರೆಗೆ. ಎರಡು ಸಲ ಹೊಲಿಯಿರಿ, ಒಂದರ ಮೇಲೊಂದು. ನಾಲ್ಕು ಹೊಲಿಗೆ ಕೂಡುವ ಜಾಗದಲ್ಲಿ ಮಿಷನ್ ಏರಲಾರದೆ ನಿಲ್ಲುತ್ತದೆ. ಆಗ ಚಿಕ್ಕಮ್ಮನ ಉಪಾಯ: ದಪ್ಪ ಇರುವ ಜಾಗವನ್ನು ಮರದ ಹಲಗೆಯ ಮೇಲಿಟ್ಟು ಕುಟ್ಟಾಣಿಯಿಂದ ನಾಲ್ಕು ಏಟು. ನೂಲು ಚಪ್ಪಟೆಯಾಗುತ್ತದೆ. ಪ್ರೆಸರ್ ಫೂಟ್‌ನ, ಅಂದರೆ ಸೂಜಿಯ ಹತ್ತಿರ ಬಟ್ಟೆ ಒತ್ತಿ ಹಿಡಿಯುವ ಪಾದದ, ಹಿಂದೆ ಮಡಚಿದ ಡೆನಿಮ್ ಚೂರು ಇಟ್ಟರೆ ಅದು ಮಟ್ಟಸವಾಗಿ ಏರುತ್ತದೆ. ಏಲಕ್ಕಿ ವಾಸನೆಯ ಪ್ಯಾಂಟು ಆಗದಿರಲಿ ಅಂದರೆ ಕುಟ್ಟಾಣಿ ತೊಳೆದುಕೊಳ್ಳಿ.

ಸೊಂಟದ ಪಟ್ಟಿ ನೇರದ್ದೇ ಸಾಕು. ಹೊಕ್ಕುಳಿನ ಮಟ್ಟದಲ್ಲಿ ಸೊಂಟ ಅತಿ ಸಣ್ಣ, ಮೇಲೆ ಕೆಳಗೆ ಬಹಳ ವ್ಯತ್ಯಾಸ ಇರುವುದಿಲ್ಲ. ಕೆಳಗೆ ಕೂರುವ ಪ್ಯಾಂಟಿಗೆ ಮಾತ್ರ ಬಾಗಿದ ಪಟ್ಟಿ ಬೇಕು. ಒಳಗೆ ಬಕ್ರಂ, ಅಂದರೆ ಬಿರುಸು ಬಟ್ಟೆ, ಕೊಡಿ, ಎರಡು ಇಂಚಿನ ಪಟ್ಟಿ ಬಕ್ರಂ ಇಲ್ಲದೆ ಮಡಚಿಕೊಳ್ಳುತ್ತದೆ. ಕಾಜಾ ಮನೆಯಲ್ಲಿ ಒದ್ದಾಡಬೇಡಿ. ಬಳ್ಳಾರಿಯಲ್ಲಿ ಅದನ್ನಷ್ಟೇ ಮಾಡುವವರು ಇದ್ದಾರೆ, ಐದು ನಿಮಿಷದ ಕೆಲಸ.

ಹೊಲಿಯಲು ಪುರುಸೊತ್ತಿಲ್ಲದವರಿಗೆ

ಹಳೇ ನೇರ ಜೀನ್ಸ್ ಇದ್ದರೆ ಪಕ್ಕದ ಹೊಲಿಗೆಯನ್ನು ಬಾಟಮ್‌ನಿಂದ ಮೊಣಕಾಲಿನವರೆಗೆ ಬಿಚ್ಚಿ, ಬುಡ 8 ಇಂಚು ಇರುವ ತ್ರಿಕೋನದ ತುಂಡು ಸೇರಿಸಿ. 60ರ ದಶಕದಲ್ಲಿ ಅಮೆರಿಕದ ಹುಡುಗ ಹುಡುಗಿಯರು ಮಾಡಿದ್ದೂ ಹೀಗೇ. ಆ ತ್ರಿಕೋನಕ್ಕೆ ಸಂಡೂರಿನ ಲಂಬಾಣಿ ಕಸೂತಿ ಹಾಕಿದರೆ ಎಷ್ಟು ಚಂದ ಅಂತೀರಿ! ಜಿಐ ಟ್ಯಾಗ್, ಅಂದರೆ ಇಂಥ ಊರಿನದ್ದೇ ಎಂಬ ಸರ್ಕಾರಿ ಗುರುತು, ಇರುವ ಕಲೆ, ನಮ್ಮ ಜಿಲ್ಲೆಯದ್ದೇ. ಕನ್ನಡಿ ಮಾತ್ರ ಕೆಳಗಿನ ಮೂರು ಇಂಚಿನಲ್ಲಿ ಬೇಡ. ನೆಲಕ್ಕೆ ತಾಗಿ ಒಡೆಯುತ್ತದೆ, ಜೊತೆಗೆ ಭಾರಕ್ಕೆ ತ್ರಿಕೋನ ಜೋತುಬೀಳುತ್ತದೆ. ದಾರದ ಕೆಲಸ ಕೆಳಗೆ, ಕನ್ನಡಿ ಮೇಲೆ. ಕಸೂತಿ ಮಾಡಿದವರಿಗೆ ಅವರ ಕೂಲಿ ಪೂರ್ತಿ ಕೊಡಿ, ಕಾಲೇಜಿನ ಪ್ರಾಜೆಕ್ಟ್ ಅಂತ ಚೌಕಾಸಿ ಮಾಡಬೇಡಿ.

ಬಾಟಮ್

ಎಲ್ಲ ಮುಗಿದ ಮೇಲೆ ಪ್ಯಾಂಟನ್ನು ಸೊಂಟದಿಂದ ಕ್ಲಿಪ್ ಹಾಕಿ ಒಂದು ರಾತ್ರಿ ನೇತುಹಾಕಿ. ಗಂಟೆಯ ಪಕ್ಕದ ಅಂಚುಗಳು ಓರೆ ಕೊಯ್ದವು, ತಮ್ಮ ಭಾರಕ್ಕೆ ತಾವೇ ಸ್ವಲ್ಪ ಇಳಿಯುತ್ತವೆ. ಬೆಳಗ್ಗೆ ಚಪ್ಪಲಿ ಹಾಕಿ ನಿಂತು, ಬೇರೆಯವರ ಕೈಲಿ ಗುರುತು ಹಾಕಿಸಿ. ಹಿಂದೆ ನೆಲದಿಂದ ಅರ್ಧ ಇಂಚು, ಮುಂದೆ ಪಾದದ ಮೇಲೆ ಸ್ವಲ್ಪ ಎತ್ತರ. ನೀವೇ ಬಗ್ಗಿ ಗುರುತು ಹಾಕಿದರೆ ಬಗ್ಗಿದಾಗ ಪ್ಯಾಂಟೂ ಏರುತ್ತದೆ, ಗುರುತು ತಪ್ಪುತ್ತದೆ.

ಮಡಚಿ, ಇಸ್ತ್ರಿ ಮಾಡಿ, ಹೊಲಿಯಿರಿ. ಆಮೇಲೆ ಜಿಪ್. ಹಳೇ ಬ್ಯಾಗಿನಿಂದ ಲೋಹದ ಜಿಪ್ ಬಿಚ್ಚಿ ಎರಡು ಪಾಲು ಮಾಡಿ, ಒಂದು ಪಾಲು ಬಲಗಾಲಿಗೆ, ಒಂದು ಎಡಗಾಲಿಗೆ. ಆರು ಇಂಚು ಉದ್ದ ಸಾಕು. ಮಡಿಕೆಯ ಒಳಗೆ ಹಿಮ್ಮಡಿಯ ನೇರಕ್ಕೆ ಇಟ್ಟು, ಹಲ್ಲುಗಳು ಬಟ್ಟೆಯ ಅಂಚಿಗಿಂತ ಕೂದಲೆಳೆಯಷ್ಟು ಮಾತ್ರ ಕೆಳಗೆ ಬರುವ ಹಾಗೆ ಕೈಹೊಲಿಗೆ ಹಾಕಿ. ನೆಲಕ್ಕೆ ಉಜ್ಜುವುದು ಲೋಹ, ಬಟ್ಟೆಯಲ್ಲ. ಪ್ಲಾಸ್ಟಿಕ್ ಜಿಪ್ ಹಾಕಿ ನೋಡಿದೆ, ಒಂದೇ ತಿಂಗಳಿಗೆ ಸವೆದು ಹೋಯಿತು.

ಮೊದಲ ಕೆಲವು ವಾರ ತಿಳಿ ಬಣ್ಣದ ಸೀಟಿನ ಮೇಲೆ ಕೂರಬೇಡಿ, ನೀಲಿ ಅಂಟುತ್ತದೆ. ಒಗೆಯುವಾಗ ತಿರುವಿ ಹಾಕಿ ಒಗೆಯಿರಿ.

ಹೊಲಿದು ಮುಗಿಸಿ ಹಾಕಿಕೊಂಡು ಮಾವನ ಮುಂದೆ ನಿಂತೆ. ಅವರು ಸೊಂಟ ನೋಡಲಿಲ್ಲ, ಜೇಬು ನೋಡಲಿಲ್ಲ. ಬಗ್ಗಿ ಬಾಟಮ್ ತಿರುವಿ ಜಿಪ್ ಮುಟ್ಟಿ ನೋಡಿದರು. ಆಮೇಲೆ ಎದ್ದು ಒಳಗೆ ಹೋಗಿ, ಬಟ್ಟೆ ಒಣಹಾಕುವ ಒಂದು ಕ್ಲಿಪ್ ತಂದು ಕೈಗಿಟ್ಟರು.

“ಸೈಕಲ್ ಹತ್ತೋ ಮುಂದ ಬಲಗಾಲಿಗೆ ಹಾಕ್ಕೋ. ಚೈನಿಗೆ ಸಿಕ್ಕು ನಾ ಮೋತಿ ಸರ್ಕಲ್‌ನ್ಯಾಗ ಬಿದ್ದಿದ್ದೆ.”